ಅರಮನೆಗೆ ಬೇಡವಾದ ಮಗ: ಫ್ಯಾಂಟಸಿ ಬರೆಯುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪಾತ್ರದ ಬಗ್ಗೆ ಇವೆ: ದೊಡ್ಡ ಮನೆತನದಲ್ಲಿ ಹುಟ್ಟಿ, ರೂಪದ ಕಾರಣಕ್ಕೆ ಸ್ವಂತ ಮನೆಯವರಿಗೇ ಬೇಡವಾದ ಹುಡುಗ. ಫ್ಯಾಂಟಸಿ ಬರೆಯಲು ಕೂತವರಲ್ಲಿ ಬಹಳ ಮಂದಿ ಇವನಿಂದಲೇ ಶುರು ಮಾಡುತ್ತಾರೆ, ಮತ್ತು ಬಹಳ ಮಂದಿ ಮೂರನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ನಾಯಕನಿಗೆ ಬೆಳ್ಳಗಿನ ಕೂದಲು, ಕೆಂಪು ಕಣ್ಣು, ಹಣೆಯಲ್ಲಿ ಎರಡು ಕೊಂಬು, ಕತ್ತಿನ ಮೇಲೆ ಹಾವಿನಂಥ ಚರ್ಮ, ಎಡಗೆನ್ನೆಯಲ್ಲಿ ಸುಟ್ಟ ಕಲೆ ಇವೆ. ಇಷ್ಟೆಲ್ಲ ಬರೆದರೂ ಓದಿದವರಿಗೆ ಅವನ ಮುಖ ನೆನಪಿರುವುದಿಲ್ಲ. ಏನು ತಪ್ಪಾಗಿದೆ?

ಉತ್ತರ: ಐದು ಗುರುತುಗಳು ಒಂದನ್ನೊಂದು ಅಳಿಸಿಹಾಕುತ್ತಿವೆ. ಒಂದನ್ನು ಇಟ್ಟುಕೊಂಡು ಉಳಿದ ನಾಲ್ಕನ್ನು ತೆಗೆದುಬಿಡಿ. ಉಳಿಸಿಕೊಂಡ ಒಂದಕ್ಕೆ ಮೂರು ವಿಷಯ ಬರೆದಿಟ್ಟುಕೊಳ್ಳಿ: ಅದರಿಂದ ದೇಹಕ್ಕೆ ಆಗುವ ಎರಡು ತೊಂದರೆ, ಅದರಿಂದ ಅವನಿಗೆ ಅಂಟಿಕೊಂಡ ಒಂದು ಅಭ್ಯಾಸ, ಆ ಅಭ್ಯಾಸವನ್ನು ಮನೆಯವರು ತಪ್ಪಾಗಿ ತಿಳಿದುಕೊಳ್ಳುವ ರೀತಿ. ಪಾತ್ರಕ್ಕೆ ಜೀವ ಬರುವುದು ಮೂರನೆಯದರಿಂದ.

ಬಿಳಿ ಕೂದಲನ್ನೇ ತೆಗೆದುಕೊಳ್ಳಿ. ಅದು ಆಲ್ಬಿನಿಸಂ ಎಂಬ ಹುಟ್ಟುಸ್ಥಿತಿ ಎಂದಾದರೆ ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ದೇಹದಲ್ಲಿ ಕಡಿಮೆ. ಕಣ್ಣು ಕೆಂಪಾಗಿರುವುದು ಅಪರೂಪ; ಸಾಮಾನ್ಯವಾಗಿ ತಿಳಿ ನೀಲಿ, ಬೂದು ಅಥವಾ ತಿಳಿ ಕಂದು ಇರುತ್ತದೆ, ಕೆಲವು ಬೆಳಕಿನಲ್ಲಿ ಮಾತ್ರ ಕೆಂಪು ಛಾಯೆ ಕಾಣುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಪ್ರಖರ ಬೆಳಕು ಕಣ್ಣಿಗೆ ಚುಚ್ಚುತ್ತದೆ. ದೂರದ ವಸ್ತು ಸ್ಪಷ್ಟವಾಗಿ ಕಾಣುವುದಿಲ್ಲ. ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಅಲುಗುತ್ತಿರುತ್ತವೆ. ಆ ಅಲುಗಾಟ ಕಡಿಮೆಯಾಗುವ ಒಂದು ಕೋನ ಹಲವರಿಗೆ ಸಿಕ್ಕಿರುತ್ತದೆ, ಹಾಗಾಗಿ ಅವರು ತಲೆಯನ್ನು ಒಂದು ಕಡೆ ವಾಲಿಸಿ ನೋಡುತ್ತಾರೆ. ಇಷ್ಟು ತಿಳಿದಿದ್ದರೆ ಕಥೆ ತಾನಾಗಿ ಹುಟ್ಟುತ್ತದೆ: ಓಲಗದಲ್ಲಿ ಹುಡುಗ ತಲೆ ವಾಲಿಸಿ ದೊರೆಯನ್ನು ನೋಡುತ್ತಾನೆ, ದೊರೆಗೆ ಅದು ಉದ್ಧಟತನವಾಗಿ ಕಾಣುತ್ತದೆ. ಆದರೆ ಅದೇ ಹುಡುಗ ಮುಂದಿನ ಅಧ್ಯಾಯದಲ್ಲಿ ನಡುಹಗಲು ಬೆಟ್ಟದ ತುದಿಯಿಂದ ಶತ್ರುಗಳ ಬಾವುಟ ಗುರುತಿಸಿದರೆ ಓದುಗ ಪುಸ್ತಕ ಮುಚ್ಚುತ್ತಾನೆ. ಅವನ ಹೊತ್ತು ಮುಂಜಾವು ಮತ್ತು ಮುಸ್ಸಂಜೆ. ಕಾಳಗವನ್ನು ಅಲ್ಲಿಗೆ ತನ್ನಿ.

ಕೊಂಬು ಇರಲಿ ಎನ್ನುವವರು ಮೊದಲು ಅದು ಯಾವ ಬಗೆಯದು ಎಂದು ತೀರ್ಮಾನಿಸಬೇಕು. ದನದ ಕೊಂಬಿಗೆ ಒಳಗೆ ಮೂಳೆ, ಹೊರಗೆ ಉಗುರಿನಂಥ ಗಟ್ಟಿ ಪದರ. ತುದಿಯನ್ನು ಅರ ಹಾಕಿ ಉಜ್ಜಿದರೆ ನೋವಿಲ್ಲ. ಒಳಗಿನ ಮೂಳೆಯವರೆಗೆ ಕೊಯ್ದರೆ ರಕ್ತ ಸುರಿಯುತ್ತದೆ, ಬೆಳೆದ ಪ್ರಾಣಿಯಲ್ಲಾದರೆ ತಲೆಬುರುಡೆಯ ಗಾಳಿಗೂಡೇ ತೆರೆದುಕೊಂಡು ಸೋಂಕು ತಗಲುತ್ತದೆ. ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಮೊದಲನೆಯದಾದರೆ ಮನೆಯವರು ತಿಂಗಳಿಗೊಮ್ಮೆ ಕೊಂಬು ಉಜ್ಜಿಸುವ ದೃಶ್ಯ ಸಿಗುತ್ತದೆ, ಮತ್ತು ಒಂದು ದಿನ ಅರ ಹಿಡಿದ ಕೈ ಆಳಕ್ಕೆ ಇಳಿಯುವ ದೃಶ್ಯವೂ. ಎರಡನೆಯದಾದರೆ ಕೊಂಬಿಲ್ಲದ ಕೆಲವು ತಿಂಗಳು ಅವನನ್ನು ಮಗನಂತೆ ನೋಡಿ, ಚಿಗುರು ಕಂಡ ದಿನದಿಂದ ದೂರ ಇಡುವ ಮನೆ ಸಿಗುತ್ತದೆ. ನಮಗೆ ಎರಡನೆಯದೇ ಹೆಚ್ಚು ಕ್ರೂರವಾಗಿ ಕಾಣುತ್ತದೆ.

ಸುಟ್ಟ ಕಲೆಯ ಬಗ್ಗೆ ಒಂದು ಮಾತು. ಆಳವಾಗಿ ಸುಟ್ಟು ಮಾಗಿದ ಚರ್ಮ ಬಿಗಿಯಾಗುತ್ತದೆ, ಬೆವರುವುದಿಲ್ಲ, ತುರಿಸುತ್ತದೆ. ಕೆನ್ನೆಯ ಮೇಲಿದ್ದರೆ ತುಟಿಯ ಅಂಚನ್ನೋ ಕೆಳರೆಪ್ಪೆಯನ್ನೋ ಎಳೆಯುತ್ತದೆ. ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗುತ್ತದೆ, ನೀರು ಸುರಿಯುತ್ತಿರುತ್ತದೆ. ಸದಾ ಒದ್ದೆಯಾದ ಒಂದು ಕಣ್ಣನ್ನು ಕಂಡು ಅಣ್ಣ ಅವನನ್ನು ಅಳುಬುರುಕ ಎನ್ನಬಹುದು.

ಪ್ರಶ್ನೆ: ಕುರೂಪಿ ಎಂಬ ಒಂದೇ ಕಾರಣಕ್ಕೆ ಅಪ್ಪ, ಅಮ್ಮ, ಅಣ್ಣ ಎಲ್ಲರೂ ದ್ವೇಷಿಸುತ್ತಾರೆ ಎಂದು ಬರೆದೆ. ಓದಿದ ಗೆಳತಿ, “ಅಷ್ಟು ಅಸಹ್ಯವಾಗಿದ್ದರೆ ಹುಟ್ಟಿದ ದಿನವೇ ಎಲ್ಲಾದರೂ ಕಳಿಸಿಬಿಡಬಹುದಿತ್ತಲ್ಲ?” ಎಂದಳು. ಉತ್ತರ ಹೊಳೆಯಲಿಲ್ಲ.

ಉತ್ತರ: ನಿಮ್ಮ ಗೆಳತಿ ಕಥೆಯ ಬುಡಕ್ಕೇ ಕೈ ಹಾಕಿದ್ದಾರೆ. ಈ ಪಾತ್ರದಲ್ಲಿ ಬರಹಗಾರರು ಮುಖದ ಮೇಲೆ ಹತ್ತು ಪುಟ ಖರ್ಚು ಮಾಡುತ್ತಾರೆ, ಮನೆತನದ ಮೇಲೆ ಒಂದು ಪುಟವನ್ನೂ ಮಾಡುವುದಿಲ್ಲ. ದೊಡ್ಡ ಮನೆತನ ಎಂದರೆ ಭೂಮಿ, ಪಟ್ಟ, ಸಂಬಂಧ, ಋಣ ಇವುಗಳ ಲೆಕ್ಕ. ಈ ಹುಡುಗನ ಮುಖ ಆ ಲೆಕ್ಕದಲ್ಲಿ ಎಲ್ಲಿ ಏರುಪೇರು ಮಾಡುತ್ತದೆ ಎಂಬುದು ಗೊತ್ತಾದರೆ ತಿರಸ್ಕಾರ ನಂಬುವಂತಾಗುತ್ತದೆ.

ಮಹಾಭಾರತದಲ್ಲಿ ದೇವಾಪಿಯ ಪ್ರಸಂಗ ನೋಡಿ. ಪ್ರತೀಪನ ಹಿರಿಯ ಮಗ, ಶಂತನುವಿನ ಅಣ್ಣ. ಗುಣವಂತ, ಪ್ರಜೆಗಳಿಗೂ ತಂದೆಗೂ ಪ್ರೀತಿಪಾತ್ರ. ಅವನಿಗೆ ಇದ್ದದ್ದು ಚರ್ಮದೋಷ. ಪಟ್ಟಾಭಿಷೇಕದ ಸಿದ್ಧತೆ ನಡೆದಿದ್ದಾಗ ಬ್ರಾಹ್ಮಣರೂ ಹಿರಿಯರೂ ತಡೆಯುತ್ತಾರೆ; ಅಂಗದೋಷ ಇರುವವನು ರಾಜನಾಗಬಾರದು ಎಂಬುದು ಅವರ ವಾದ. ಪ್ರತೀಪ ಕಣ್ಣೀರಿಡುತ್ತಾನೆ, ದೇವಾಪಿ ಕಾಡಿಗೆ ಹೋಗುತ್ತಾನೆ, ಪಟ್ಟ ಶಂತನುವಿಗೆ ಬರುತ್ತದೆ. ಇಲ್ಲಿ ದ್ವೇಷಿಸುವವರು ಯಾರೂ ಇಲ್ಲ, ಆದರೂ ಮಗ ಹೊರಗೆ. ಈ ಕಥೆಯನ್ನು ಉದ್ಯೋಗಪರ್ವದಲ್ಲಿ ದುರ್ಯೋಧನನಿಗೆ ಹೇಳುವವನು ಧೃತರಾಷ್ಟ್ರ. ಕುರುಡುತನಕ್ಕಾಗಿ ಪಟ್ಟ ತಪ್ಪಿದವನ ಬಾಯಲ್ಲಿ ಅದು ಬರುವುದರಿಂದಲೇ ಅದಕ್ಕೆ ಆ ತೂಕ.

ಬೈಜಾಂಟಿಯಂನಲ್ಲೂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದಲ್ಲೂ, ಇಂಥದೇ ನಂಬಿಕೆ ಇತ್ತು: ಅಂಗ ಊನವಾದವನು ಚಕ್ರವರ್ತಿಯಾಗಲಾರ. ಅದಕ್ಕೇ 695ರಲ್ಲಿ ಎರಡನೇ ಜಸ್ಟಿನಿಯನ್‌ನನ್ನು ಕೆಳಗಿಳಿಸಿದವರು ಅವನನ್ನು ಕೊಲ್ಲದೆ ಮೂಗು ಕೊಯ್ದು ಗಡಿಪಾರು ಮಾಡಿದರು. ಅವನು 705ರಲ್ಲಿ ಸೈನ್ಯದೊಂದಿಗೆ ಮರಳಿ ಬಂದು ಸಿಂಹಾಸನ ಕಿತ್ತುಕೊಂಡ. ನಿಮ್ಮ ಲೋಕದಲ್ಲೂ ಇಂಥ ಒಂದು ನಿಯಮ ಇದ್ದರೆ ಅದನ್ನು ಮುರಿಯಬಲ್ಲವನೂ ಇರುತ್ತಾನೆ.

ಬರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ನಾಲ್ಕು ಪ್ರಶ್ನೆಗಳಿಗೆ ಎರಡೆರಡು ಸಾಲಿನಲ್ಲಿ ಉತ್ತರ ಬರೆಯಿರಿ. ಈ ಹುಡುಗ ಎದುರಿಗೆ ಕಂಡರೆ ಮನೆತನಕ್ಕೆ ಏನು ನಷ್ಟ? ತಂಗಿಯ ಮದುವೆಯ ಮಾತುಕತೆ ಮುರಿಯಬಹುದು, “ಈ ರಕ್ತದಲ್ಲಿ ದೋಷವಿದೆ” ಎಂದು ಬೀಗರು ಹಿಂದೆಗೆಯಬಹುದು. ತಾಯಿಯ ಮೇಲೆ ಅನುಮಾನ ಬರಬಹುದು, ಮಗು ಇನ್ಯಾರದೋ ಎಂದು. ಪೂರ್ವಜರು ಮಾಡಿಕೊಂಡ ಯಾವುದೋ ಮಾಂತ್ರಿಕ ಒಪ್ಪಂದ ಅವನ ಮುಖದಿಂದ ಬಯಲಾಗಬಹುದು. ಎರಡನೆಯದು: ಅವನು ಮರೆಯಾದರೆ ಯಾರಿಗೆ ಲಾಭ? ಮೂರನೆಯದು: ಹಾಗಿದ್ದೂ ಅವನನ್ನು ಯಾಕೆ ಮನೆಯಲ್ಲಿ ಇಟ್ಟುಕೊಂಡಿದ್ದಾರೆ? ಗೆಳತಿ ಕೇಳಿದ್ದು ಇದನ್ನೇ. ಹಿರಿಯ ಮಗ ರೋಗಿಷ್ಠನಾಗಿದ್ದರೆ ಕಿರಿಯನನ್ನು ಬಿಟ್ಟುಕೊಡುವಂತಿಲ್ಲ. ತಾಯಿಯ ತವರಿನ ಭೂಮಿ ಇವನ ಹೆಸರಿನಲ್ಲಿದ್ದರೆ ಇವನು ಸತ್ತ ದಿನ ಅದು ವಾಪಸ್ಸು ಹೋಗುತ್ತದೆ. ಸ್ವಂತ ರಕ್ತ ಚೆಲ್ಲಿದ ಮನೆಗೆ ಶಾಪ ಎಂಬ ನಂಬಿಕೆಯಿದ್ದರೆ ಕೊಲ್ಲುವಂತಿಲ್ಲ. ನಾಲ್ಕನೆಯದು: ಈ ಕಾರಣ ಯಾವತ್ತು ಇಲ್ಲವಾಗುತ್ತದೆ? ಅಣ್ಣನಿಗೆ ಗಂಡುಮಗು ಹುಟ್ಟಿದ ದಿನ, ಭೂಮಿಯ ದಾಖಲೆ ಬದಲಾದ ದಿನ. ಅವನನ್ನು ಹೊರಹಾಕುವ ಅಧ್ಯಾಯ ಅದೇ ದಿನ ನಡೆಯಬೇಕು. ಆಗ “ಈಗಲೇ ಯಾಕೆ?” ಎಂದು ಯಾರೂ ಕೇಳುವುದಿಲ್ಲ.

ಗುರುತು ಹುಟ್ಟಿನಿಂದ ಬಂದದ್ದೋ ಆಮೇಲೆ ಬಂದದ್ದೋ ಎಂಬುದನ್ನೂ ಇದೇ ಹಾಳೆಯಲ್ಲಿ ಬರೆದುಕೊಳ್ಳಿ. ಹುಟ್ಟಿನಿಂದ ಬಂದಿದ್ದರೆ ಅವನಿಗೆ ಬೇರೆ ಬಗೆಯ ಮನೆ ಗೊತ್ತೇ ಇಲ್ಲ. ಅವನ ನೋವು ತಡವಾಗಿ, ಬೇರೆ ಮನೆಯ ಮಕ್ಕಳನ್ನು ನೋಡಿದಾಗ ಶುರುವಾಗುತ್ತದೆ. ಹನ್ನೆರಡರಲ್ಲಿ ಬಂದಿದ್ದರೆ ತಂದೆಯ ಹೆಗಲ ಮೇಲೆ ಕೂತ ನೆನಪು ಅವನಿಗಿದೆ. ಎರಡೂ ಬೇರೆ ಬೇರೆ ಪುಸ್ತಕಗಳು. ಅರ್ಧ ಅದು, ಅರ್ಧ ಇದು ಮಾಡಲು ಹೋಗಬೇಡಿ.

ಪ್ರಶ್ನೆ: ಮನೆಯವರು ಅವನನ್ನು ಬೈಯುವ ದೃಶ್ಯಗಳು ಎಲ್ಲವೂ ಒಂದೇ ಥರ ಆಗುತ್ತಿವೆ. “ರಾಕ್ಷಸ”, “ವಂಶಕ್ಕೆ ಕಳಂಕ” ಬಿಟ್ಟರೆ ಬೇರೆ ಮಾತೇ ಹೊಳೆಯುವುದಿಲ್ಲ.

ಉತ್ತರ: ಮೊದಲ ಅಧ್ಯಾಯದಲ್ಲಿ ಬೈಗುಳ ಒಂದಕ್ಕಿಂತ ಹೆಚ್ಚು ಬೇಡ. ಶ್ರೀಮಂತ ಮನೆಗಳಲ್ಲಿ ತಿರಸ್ಕಾರ ಬಾಯಿಮಾತಿಗಿಂತ ಏರ್ಪಾಟಿನಲ್ಲಿ ಕಾಣುತ್ತದೆ: ಯಾರು ಎಲ್ಲಿ ಕೂರಬೇಕು, ಯಾವ ಬಾಗಿಲಿನಿಂದ ಬರಬೇಕು, ಅತಿಥಿಗಳು ಬಂದಾಗ ಯಾರ ಕೋಣೆಗೆ ಚಿಲಕ ಬೀಳುತ್ತದೆ.

ರೋಮಿನ ರಾಜಮನೆತನದ ಕ್ಲಾಡಿಯಸ್ ಇದಕ್ಕೆ ಒಳ್ಳೆಯ ಪಾಠ. ಕುಂಟು, ತೊದಲು, ಅಲುಗುವ ತಲೆ. ರೋಮನ್ ಚರಿತ್ರಕಾರ ಸ್ಯೂಟೋನಿಯಸ್ ಬರೆದಿರುವ ಪ್ರಕಾರ ತಾಯಿ ಆಂಟೋನಿಯಾ ಅವನನ್ನು ಪ್ರಕೃತಿ ಶುರು ಮಾಡಿ ಅರ್ಧಕ್ಕೆ ಬಿಟ್ಟ ಮನುಷ್ಯ ಎಂದು ಹೇಳುತ್ತಿದ್ದಳು. ಆದರೆ ಆ ಬೈಗುಳಕ್ಕಿಂತ ಚುಚ್ಚುವುದು ಉಳಿದ ವಿವರಗಳು. ಪ್ರಾಯಕ್ಕೆ ಬಂದ ಹುಡುಗರನ್ನು ಹಗಲು ಮೆರವಣಿಗೆಯಲ್ಲಿ ಕರೆದೊಯ್ಯುವುದು ಪದ್ಧತಿ. ಕ್ಲಾಡಿಯಸ್‌ನನ್ನು ನಡುರಾತ್ರಿ ಪಲ್ಲಕ್ಕಿಯಲ್ಲಿ, ಯಾವ ಮೆರವಣಿಗೆಯೂ ಇಲ್ಲದೆ ಕ್ಯಾಪಿಟಲ್ ಗುಡ್ಡಕ್ಕೆ ಒಯ್ದರು. ಚಕ್ರವರ್ತಿ ಅಗಸ್ಟಸ್ ತನ್ನ ಹೆಂಡತಿ ಲಿವಿಯಾಗೆ ಬರೆದ ಪತ್ರದಲ್ಲಿ ಈ ಹುಡುಗನನ್ನು ಎಲ್ಲಿ ಕೂರಿಸಬೇಕೆಂದು ಚರ್ಚಿಸುತ್ತಾನೆ: ಯುದ್ಧದೇವತೆ ಮಾರ್ಸ್‌ನ ಉತ್ಸವದಲ್ಲಿ ಪುರೋಹಿತರ ಔತಣದ ಉಸ್ತುವಾರಿ ಕೊಡಬಹುದು, ಪಕ್ಕದಲ್ಲಿ ಒಬ್ಬ ನೆಂಟ ಇದ್ದು ಹೇಳಿಕೊಡುವುದಾದರೆ, ಆಟದ ಬಯಲಿನಲ್ಲಿ ರಾಜಮನೆತನದ ಆಸನದಲ್ಲಿ ಮಾತ್ರ ಬೇಡ, ಅಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಆ ಪತ್ರದಲ್ಲಿ ಕೋಪವೇ ಇಲ್ಲ, ಬರೀ ವ್ಯವಸ್ಥೆ. ಕ್ರಿ.ಶ. 41ರಲ್ಲಿ ಅದೇ ಕ್ಲಾಡಿಯಸ್ ಚಕ್ರವರ್ತಿಯಾದ.

ಇದೇ ಬಗೆಯಲ್ಲಿ ಒಂದು ಚಿಕ್ಕ ದೃಶ್ಯ ಹೀಗಿರಬಹುದು:

“ಚಿತ್ರಕಾರ ಒಬ್ಬೊಬ್ಬರನ್ನೇ ನಿಲ್ಲಿಸುತ್ತ ಬಂದ. ಅಣ್ಣ ತಂದೆಯ ಬಲಕ್ಕೆ. ತಂಗಿ ತಾಯಿಯ ಮೊಣಕಾಲಿಗೆ ಒರಗಿ. ‘ಕಿರಿಯ ದೊರೆಗಳು ಎಲ್ಲಿ ನಿಲ್ಲಬೇಕು?’ ಎಂದು ಕೇಳಿದ. ತಂದೆ ಕೈಗವಸಿನ ಬೆರಳು ಸರಿಮಾಡಿಕೊಳ್ಳುತ್ತ, ‘ಅವನು ನಾಯಿಗಳನ್ನು ಹಿಡಿದುಕೊಳ್ಳಲಿ’ ಎಂದರು. ಚಿತ್ರ ಮುಗಿದು ಗೋಡೆಗೆ ಏರಿದಾಗ ಎರಡು ನಾಯಿಗಳೂ ಅದರಲ್ಲಿದ್ದವು. ಅವುಗಳ ಹಗ್ಗ ಚೌಕಟ್ಟಿನ ಅಂಚಿನವರೆಗೆ ಬಂದು ನಿಂತಿತ್ತು.”

ಇಲ್ಲಿ ತಂದೆ ಮುಖದ ಮಾತೇ ಎತ್ತಲಿಲ್ಲ. ಒಂದು ಕೆಲಸ ಕೊಟ್ಟರು, ಚಿತ್ರಕಾರ ಅರ್ಥ ಮಾಡಿಕೊಂಡ. ಹೊರಗಿನವನು ಅಷ್ಟು ಬೇಗ ಅರ್ಥ ಮಾಡಿಕೊಂಡ ಎಂಬುದೇ ಈ ಮನೆಯಲ್ಲಿ ಇದು ಎಷ್ಟು ಹಳೆಯ ರೂಢಿ ಎಂದು ತೋರಿಸುತ್ತದೆ.

ಇನ್ನು ಎಲ್ಲರಿಗೂ ಒಂದೇ ಬಗೆಯ ತಿರಸ್ಕಾರ ಹಂಚಬೇಡಿ. ತಂದೆಗೆ ನಾಚಿಕೆ ಇರಲಿ, ತಾಯಿಗೆ ಅಪರಾಧಿ ಭಾವ. ಆಕೆ ಮಗನಿಗೆ ಒಳ್ಳೆಯ ಬಟ್ಟೆ ಕಳಿಸುತ್ತಾಳೆ, ಎದುರಿಗೆ ಬರುವುದಿಲ್ಲ. ಅಣ್ಣನಿಗೆ ಭಯ, ಯಾಕೆಂದರೆ ಓದಿನಲ್ಲಿ ತಮ್ಮನೇ ಮುಂದು. ಊಳಿಗದವರು ದೊರೆಯ ಮುಖ ನೋಡಿಕೊಂಡು ವರ್ತಿಸುತ್ತಾರೆ: ದೊರೆ ಎದುರಿಗಿದ್ದಾಗ ಇವನ ತಟ್ಟೆ ಕೊನೆಗೆ ಬರುತ್ತದೆ, ಇಲ್ಲದಾಗ ಮೊದಲು ಬರುತ್ತದೆ. ಪ್ರೀತಿಸುವ ಒಬ್ಬರಾದರೂ ಇರಬೇಕು, ಮತ್ತು ಆ ಪ್ರೀತಿಗೆ ಒಂದು ಮಿತಿ ಇರಬೇಕು. ಕತ್ತಲಲ್ಲಿ ಕಥೆ ಹೇಳಿಸಿಕೊಳ್ಳುವ ತಂಗಿ ಹಗಲು ಗೆಳತಿಯರ ಮುಂದೆ ಅವನನ್ನು ಗುರುತಿಸದೆ ಹೋದರೆ, ಅಣ್ಣನ ಹತ್ತು ಬೈಗುಳ ಮಾಡದ ಕೆಲಸವನ್ನು ಅದು ಮಾಡುತ್ತದೆ.

ಪ್ರಶ್ನೆ: ಗೂನುಬೆನ್ನಿನ ರಾಜಕುಮಾರ ಕತ್ತಿವರಸೆಯಲ್ಲಿ ನಿಪುಣ ಎಂದರೆ ನಂಬಿಕೆ ಬರುತ್ತದೆಯೇ?

ಉತ್ತರ: ಬರುತ್ತದೆ, ದೇಹವನ್ನು ಸರಿಯಾಗಿ ಬರೆದರೆ. ಇಂಗ್ಲೆಂಡಿನ ಮೂರನೇ ರಿಚರ್ಡ್ 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಹೋರಾಡುತ್ತಲೇ ಸತ್ತ. 2012ರಲ್ಲಿ ಲೆಸ್ಟರ್‌ನಲ್ಲಿ ಅವನ ಅಸ್ಥಿಪಂಜರ ಸಿಕ್ಕಿತು. ಬೆನ್ನೆಲುಬು ಪಕ್ಕಕ್ಕೆ ಬಲವಾಗಿ ಬಾಗಿತ್ತು. ಆದರೆ ಜನ ಹೇಳುತ್ತಿದ್ದ ಗೂನೂ ಇರಲಿಲ್ಲ, ಒಣಗಿದ ಕೈಯೂ ಇರಲಿಲ್ಲ. ಬಲಭುಜ ಸ್ವಲ್ಪ ಮೇಲಕ್ಕಿತ್ತು, ಅಳತೆಗೆ ಹೊಲಿಸಿದ ಬಟ್ಟೆಯೂ ಕವಚವೂ ಅದನ್ನು ಬಹುಮಟ್ಟಿಗೆ ಮರೆಮಾಡುವಂಥದು ಎಂದು ಪರೀಕ್ಷಿಸಿದವರು ಹೇಳಿದರು.

ಬರೆಯುವಾಗ ಗಮನಿಸಬೇಕಾದದ್ದು ಉಸಿರು. ಬೆನ್ನೆಲುಬು ತೀವ್ರವಾಗಿ ಬಾಗಿದರೆ ಎದೆಗೂಡು ಒತ್ತಿಕೊಂಡು ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ. ಮೊದಲ ನಾಲ್ಕೈದು ವರಸೆಯಲ್ಲಿ ಅವನು ಯಾರಿಗೂ ಕಡಿಮೆಯಿಲ್ಲ, ಕಾಳಗ ಉದ್ದವಾದಷ್ಟೂ ಸೋಲುತ್ತಾನೆ. ಹಾಗಾಗಿ ಅವನ ವಿದ್ಯೆ ಬೇಗ ಮುಗಿಸುವ ವಿದ್ಯೆಯಾಗಬೇಕು. ಕುದುರೆಯ ಮೇಲಿದ್ದರೆ ಭಾರ ಹೊರುವುದು ಕುದುರೆ, ಅದು ಅನುಕೂಲ. ಅಣ್ಣನ ಹಳೆಯ ಕವಚ ಇವನಿಗೆ ಆಗುವುದಿಲ್ಲ: ಒಂದು ಭುಜದ ಮೇಲೆ ಪಟ್ಟಿ ಕೊಯ್ಯುತ್ತದೆ, ಇನ್ನೊಂದು ಪಕ್ಕದಲ್ಲಿ ಕಂಕುಳು ತೆರೆದಿರುತ್ತದೆ. ಸ್ವಂತ ಅಳತೆಯ ಕವಚ ಮಾಡಿಸಲು ತಂದೆ ಒಪ್ಪದಿರುವುದು ಒಂದು ಅಧ್ಯಾಯಕ್ಕೆ ಸಾಕಾಗುವ ವಸ್ತು. ಎದುರಾಳಿ ಆ ತೆರೆದ ಕಂಕುಳನ್ನು ಗಮನಿಸುವುದು ಇನ್ನೊಂದಕ್ಕೆ.

ಪ್ರಶ್ನೆ: ಅವನ ಮುಖವನ್ನು ಓದುಗರಿಗೆ ಯಾವಾಗ, ಹೇಗೆ ತೋರಿಸಬೇಕು? ಕಥೆ “ನಾನು” ಎಂದು ಅವನೇ ಹೇಳುತ್ತಿದ್ದಾನೆ. ಕನ್ನಡಿಯ ಮುಂದೆ ನಿಲ್ಲಿಸಲೇ?

ಉತ್ತರ: ಬೇಡ. ತನ್ನ ಮುಖದೊಂದಿಗೆ ಹದಿನೆಂಟು ವರ್ಷ ಬದುಕಿದವನು ಒಂದು ಬೆಳಗ್ಗೆ ಕನ್ನಡಿಯಲ್ಲಿ ಅದನ್ನು ಕಂಡು ವರ್ಣಿಸತೊಡಗುವುದಿಲ್ಲ. ಅವನು ನೋಡುವುದು ಎದುರಿಗಿರುವವರ ಕಣ್ಣು ಕೈಗಳನ್ನು. ಯಾರು ಎಷ್ಟು ಹೊತ್ತು ನೋಡಿದರು, ಯಾರು ನೋಡದಿರಲು ಪ್ರಯತ್ನಪಟ್ಟರು, ಯಾರು ಮಗುವನ್ನು ಪಕ್ಕಕ್ಕೆ ಎಳೆದುಕೊಂಡರು ಎಂಬುದೆಲ್ಲ ಅವನಿಗೆ ಬಾಯಿಪಾಠ.

ಮೂರು ಕಂತಿನಲ್ಲಿ ತೋರಿಸಿ. ಮೊದಲ ಎರಡು ಪುಟಗಳಲ್ಲಿ ಬೇರೆಯವರ ಪ್ರತಿಕ್ರಿಯೆ ಮಾತ್ರ. ಆಮೇಲೆ ಅವನು ಏನೋ ಮಾಡುವಾಗ ದೇಹದ ಒಂದು ವಿವರ: ನೀರು ಕುಡಿಯುವಾಗ ತುಟಿಯ ಅಂಚಿನಿಂದ ಸೋರುವುದು, ಚಳಿಗೆ ಕೆನ್ನೆ ಸೆಟೆಯುವುದು. ಪೂರ್ತಿ ಮುಖ ಬರುವುದು ಮೂರನೆಯ ಕಂತಿನಲ್ಲಿ, ಅದೂ ಅವನ ಮೇಲೆ ಪ್ರೀತಿಯೋ ದ್ವೇಷವೋ ಇಲ್ಲದ ಕಸಬುದಾರನ ಮೂಲಕ ಬಂದರೆ ಒಳ್ಳೆಯದು. ದರ್ಜಿ, ವೈದ್ಯ, ಕ್ಷೌರಿಕ, ಕವಚ ಮಾಡುವವನು.

“ಕವಚದವನು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ಹೆಬ್ಬೆರಳಿನಿಂದ ಎಡಗೆನ್ನೆಯ ಗಂಟನ್ನು ಒತ್ತಿದ. ‘ನೋವಾಗುತ್ತಾ?’ ‘ಇಲ್ಲ.’ ‘ತಗಡನ್ನು ಇಲ್ಲಿ ಅರ್ಧ ಬೆರಳು ಹೊರಕ್ಕೆ ಬಡಿಯಬೇಕು. ಈ ಕಣ್ಣು ಕೆಳಗಿದೆ, ಸೀಳನ್ನೂ ಕೆಳಗೆ ಇಳಿಸುತ್ತೇನೆ.’ ಅಳತೆಗಳನ್ನು ಹಲಗೆಯ ಮೇಲೆ ಗೀಚಿಕೊಂಡ. ‘ಮುಂದಿನವರು ಬರಲಿ’ ಎಂದ.”

ಮುಖದ ಆಕಾರ ಪೂರ್ತಿ ಬಂತು, ಅಸಹ್ಯ, ಭಯಾನಕ ಎಂಬ ಯಾವ ಮಾತೂ ಬರಲಿಲ್ಲ. ಇಷ್ಟಾದ ಮೇಲೆ ವರ್ಣನೆಯನ್ನು ಮತ್ತೆ ಮತ್ತೆ ನೆನಪಿಸಬೇಡಿ. ಓದುಗರಿಗೆ ನೆನಪಿರುತ್ತದೆ.

ನಿರೂಪಕನ ಮಾತಿನ ಬಗ್ಗೆಯೂ ಎಚ್ಚರ ಬೇಕು. “ರಾಕ್ಷಸ ಮುಖ” ಎಂದು ಅಣ್ಣ ಹೇಳಬಹುದು, ನಿರೂಪಣೆ ಹೇಳಬಾರದು. ಹೇಳಿದರೆ ನೀವೂ ಅಣ್ಣನ ಪಕ್ಷ ಸೇರಿದಂತೆ. ಕರಡು ಮುಗಿದ ಮೇಲೆ ಇಂಥ ವಿಶೇಷಣಗಳನ್ನೆಲ್ಲ ಹುಡುಕಿ, ಒಂದೊಂದೂ ಯಾರ ಬಾಯಲ್ಲಿದೆ ಎಂದು ನೋಡಿ. ಯಾರ ಬಾಯಲ್ಲೂ ಇಲ್ಲದ್ದನ್ನು ಹೊಡೆದುಹಾಕಿ. ಸುಟ್ಟ ಕಲೆಯೋ ತೊನ್ನೋ ಹುಟ್ಟುಮಚ್ಚೆಯೋ ಇರುವ ಒಬ್ಬರು ಓದಲು ಒಪ್ಪಿದರೆ ಅವರಿಗೆ ಕೊಡಿ, ಅವರು ಗುರುತು ಹಾಕಿದ ಸಾಲುಗಳಿಗೆ ವಾದ ಮಾಡಬೇಡಿ.

ಪ್ರಶ್ನೆ: ಮನೆಯಿಂದ ಹೊರಬಿದ್ದ ಮೇಲೆ ಕಥೆ ಸಡಿಲವಾಗುತ್ತಿದೆ. ಮುಸುಕು ಹಾಕಿಕೊಂಡು ಊರೂರು ಅಲೆಯುತ್ತಾನೆ, ಅಷ್ಟೇ.

ಉತ್ತರ: ಮುಸುಕು ತೆಗೆಯಿರಿ. ಹಗಲು ಮುಖ ಪೂರ್ತಿ ಮುಚ್ಚಿಕೊಂಡು ನಡೆಯುವವನನ್ನು ಕಾವಲುಗಾರರು ಮೊದಲು ತಡೆಯುತ್ತಾರೆ. ಮುಖ ಮರೆಸಲು ಬೇಕಾದದ್ದು ಯಾರೂ ಪ್ರಶ್ನೆ ಕೇಳದ ಕಾರಣ: ಇದ್ದಿಲು ಸುಡುವವನ ಮಸಿ, ಹಿಟ್ಟಿನ ಗಿರಣಿಯ ಧೂಳು, ಹಲ್ಲುನೋವಿನ ಪಟ್ಟಿ, ರಾತ್ರಿಪಾಳಿ.

ಮುಂದೆ, ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಎರಡು ಪಟ್ಟಿ ಮಾಡಿ. ಓದು ಬರಹ, ಲಾಂಛನಗಳ ಪರಿಚಯ, ಕುದುರೆ ಸವಾರಿ, ಆಸ್ಥಾನದ ಭಾಷೆ ಬರುತ್ತವೆ. ಒದ್ದೆ ಸೌದೆಗೆ ಬೆಂಕಿ ಹಚ್ಚುವುದು, ಬೆಲೆ ಚೌಕಾಸಿ, ಬಟ್ಟೆ ಒಗೆಯುವುದು, ಸಾಲಿನಲ್ಲಿ ಕಾಯುವುದು ಬರುವುದಿಲ್ಲ. ಸವಾರಿಯ ಬೂಟಿನಲ್ಲಿ ದಿನವಿಡೀ ನಡೆದರೆ ಹಿಮ್ಮಡಿಗೆ ಬೊಬ್ಬೆ ಬರುತ್ತದೆ. ಒಳ್ಳೆಯ ದಾರಿಯಲ್ಲಿ ಆರೋಗ್ಯವಂತ ದಿನಕ್ಕೆ 25ರಿಂದ 30 ಕಿಲೋಮೀಟರ್ ನಡೆಯಬಲ್ಲ. ಮೊದಲ ದಿನಗಳಲ್ಲಿ ಇವನಿಗೆ ಅದರ ಅರ್ಧ ಕೊಡಿ. ಒಂದೇ ಕುದುರೆಯಲ್ಲಿ ದಿನಾ ಹೋಗುವುದಾದರೆ 40ರಿಂದ 50. ಬೆನ್ನಟ್ಟುವವರು ಕುದುರೆಯ ಮೇಲಿದ್ದು ಇವನು ಕಾಲ್ನಡಿಗೆಯಲ್ಲಿದ್ದರೆ ಎರಡು ದಿನ ಮುಂಚೆ ಹೊರಟರೂ ಸಿಕ್ಕಿಬೀಳುತ್ತಾನೆ, ಆದ್ದರಿಂದ ಕುದುರೆ ಹೋಗಲಾಗದ ದಾರಿ ಬೇಕು. ಬೆರಳಿನ ಮುದ್ರೆಯುಂಗುರ ಮಾರುವುದು ಸುಲಭವಲ್ಲ: ಕೊಳ್ಳುವವನಿಗೆ ಇವನು ಕಳ್ಳ, ಇಲ್ಲವೇ ತಲೆಮರೆಸಿಕೊಂಡವನು. ಕಲ್ಲು ಕಿತ್ತು ಮಾರಿ, ಚಿನ್ನವನ್ನು ಬಡಿದು ಮುದ್ರೆ ಅಳಿಸಿ ಬೇರೆ ಊರಿನಲ್ಲಿ ಮಾರಬೇಕು.

ಈ ಭಾಗ ಬಿಗಿಯಾಗಲು ಅವನಿಗೆ ಒಂದು ಕಸಬು ಕೊಡಿ. ನಳನ ಕಥೆಯಲ್ಲಿ ಕಾರ್ಕೋಟಕ ಎಂಬ ಹಾವು ಕಚ್ಚಿ ರೂಪ ಕೆಟ್ಟ ಮೇಲೆ ನಳ ಬಾಹುಕ ಎಂಬ ಹೆಸರಿನಲ್ಲಿ ಋತುಪರ್ಣ ರಾಜನ ಬಳಿ ಸಾರಥ್ಯ ಮಾಡುತ್ತಾನೆ. ಹೆಂಡತಿ ದಮಯಂತಿ ಅವನನ್ನು ಗುರುತು ಹಿಡಿಯುವುದು ರಥದ ಸದ್ದಿನಿಂದ, ಅವನು ಬೇಯಿಸಿದ ಅಡುಗೆಯ ರುಚಿಯಿಂದ. ಮುಖ ಸುಳ್ಳು ಹೇಳುತ್ತಿದೆ, ಕೈ ನಿಜ ಹೇಳುತ್ತಿದೆ. ನಿಮ್ಮ ನಾಯಕನ ಕೈಯಲ್ಲೂ ಅಂಥದೊಂದು ಗುರುತು ಮೊದಲ ಅಧ್ಯಾಯದಲ್ಲೇ ಇರಲಿ, ತಂಗಿಗೆ ಮಾತ್ರ ಗೊತ್ತಿರುವ ಗಂಟು ಹಾಕುವ ಬಗೆಯೋ ಅಕ್ಷರದ ಓರೆಯೋ. ಮುನ್ನೂರು ಪುಟದ ಆಚೆ ಅದು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಕುರೂಪಕ್ಕೆ ಬದಲಾಗಿ ಅವನಿಗೆ ಎಲ್ಲರಿಗಿಂತ ದೊಡ್ಡ ಮಂತ್ರಶಕ್ತಿ ಕೊಟ್ಟಿದ್ದೇನೆ. ಸರಿಯೇ?

ಉತ್ತರ: ಶಕ್ತಿ ಇರಲಿ, “ಬದಲಾಗಿ” ಬೇಡ. ಶಕ್ತಿ ಇದೆ ಎಂಬ ಕಾರಣಕ್ಕೆ ಮನೆಯವರು ಅವನನ್ನು ಒಪ್ಪಿಕೊಂಡರೆ, ಶಕ್ತಿಯಿಲ್ಲದ ಕುರೂಪಿಯನ್ನು ಹೊರಹಾಕಿದ್ದು ಸರಿ ಎಂದು ಕಥೆ ಒಪ್ಪಿದಂತಾಗುತ್ತದೆ. ಶಕ್ತಿಯ ಮೂಲ ಗುರುತಿನಲ್ಲಿ ಇಲ್ಲದಿದ್ದರೆ ಒಳ್ಳೆಯದು. ಇದ್ದೇ ತೀರಬೇಕು ಎಂದರೆ ಅದಕ್ಕೊಂದು ಬೆಲೆ ಇಡಿ, ಮತ್ತು ಅಂತಿಮ ಕಾಳಗಕ್ಕೆ ಮುಂಚೆ ಕಡಿಮೆಯೆಂದರೆ ಎರಡು ಸಲ ಅದರ ಮಿತಿಯನ್ನು ತೋರಿಸಿ, ಒಮ್ಮೆ ಅವನು ಸೋಲುವಾಗ.

ಪ್ರಶ್ನೆ: ಕೊನೆಯಲ್ಲಿ ಶಾಪ ಕಳೆದು ಅವನು ಸುಂದರನಾಗಬೇಕೇ? ಮನೆಯವರನ್ನು ಕ್ಷಮಿಸಬೇಕೇ?

ಉತ್ತರ: ಸುಂದರನಾಗುವ ಕೊನೆ ಓದುಗರನ್ನು ಮೋಸ ಮಾಡುತ್ತದೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ನಾನೂರು ಪುಟ ಆ ಮುಖವನ್ನು ಪ್ರೀತಿಸಲು ಕಲಿತವರಿಂದ ಅದನ್ನು ಕಸಿದುಕೊಳ್ಳುತ್ತೀರಿ. ರೂಪ ಬದಲಾಗಲೇಬೇಕಾದರೆ ಕೊನೆಗೆ ಬೇಡ, ನಡುವಿನಲ್ಲಿ ಮಾಡಿ. ಹೊಸ ಮುಖಕ್ಕೆ ತಂದೆ ಬಾಗಿಲು ತೆರೆಯುತ್ತಾನೆ, ಮಗನಿಗೆ ಆ ಸ್ವಾಗತವೇ ಅಸಹನೀಯವಾಗುತ್ತದೆ. ಅಲ್ಲಿಂದ ಮುಂದೆ ನಿಜವಾದ ಕಥೆ ಇದೆ.

ಕ್ಷಮೆಯ ವಿಷಯಕ್ಕೆ ಮೊದಲ ಹಾಳೆಯನ್ನು ಮತ್ತೆ ತೆಗೆಯಿರಿ. ತಿರಸ್ಕಾರಕ್ಕೆ ಕಾರಣವಾದ ನಿಯಮ ಇನ್ನೂ ಜಾರಿಯಲ್ಲಿದ್ದರೆ ತಂದೆಯ ಕಣ್ಣೀರಿಗೆ ಬೆಲೆಯಿಲ್ಲ, ಇವನ ನಂತರ ಹುಟ್ಟುವ ಇನ್ನೊಂದು ಮಗುವನ್ನೂ ಹಾಗೇ ನಡೆಸಿಕೊಳ್ಳುತ್ತಾರೆ. ನಾಯಕ ತಂದೆಯನ್ನು ಕ್ಷಮಿಸದೆಯೂ ನಿಯಮ ಬದಲಿಸಬಹುದು. ಕ್ಷಮಿಸಿ ಮನೆಗೆ ಮರಳದಿರಬಹುದು. ತಾಯಿಯನ್ನು ಒಪ್ಪಿ ತಂದೆಯನ್ನು ಬಿಡಬಹುದು. ಸೇಡು ತೀರಿಸಿಕೊಳ್ಳುವವನನ್ನು ಬರೆಯುವವರು ಮೇಲೆ ಹೇಳಿದ ಜಸ್ಟಿನಿಯನ್‌ನ ಉಳಿದ ಬದುಕನ್ನು ಓದಿ: ಮರಳಿ ಬಂದವನು ಸೇಡಿನಲ್ಲೇ ಮುಳುಗಿದ, 711ರಲ್ಲಿ ಮತ್ತೊಂದು ದಂಗೆಯಲ್ಲಿ ತಲೆ ಕಳೆದುಕೊಂಡ.

ಪ್ರಶ್ನೆ: ಎಷ್ಟು ಪುಟಗಳ ನಂತರ ಅವನನ್ನು ಮನೆಯಿಂದ ಹೊರಹಾಕಬೇಕು?

ಉತ್ತರ: ಮೂರು ಸಾವಿರ ಪದಗಳ ಸಣ್ಣಕಥೆಯಾದರೆ ಮೊದಲ ಆರೇಳುನೂರು ಪದಗಳೊಳಗೆ. ಕಾದಂಬರಿಯಲ್ಲಿ ಐದನೇ ಒಂದು ಭಾಗದವರೆಗೆ ಕಾಯಬಹುದು, ಆ ಹೊತ್ತಿಗೆ ಮನೆಯ ಕನಿಷ್ಠ ಮೂವರು ಓದುಗರಿಗೆ ಹೆಸರಿನಿಂದ ಗೊತ್ತಿರಬೇಕು. ಅದಕ್ಕಿಂತ ತಡವಾದರೆ ಓದುಗ ಅವನಿಗಿಂತ ಮೊದಲೇ ಮನೆ ಬಿಡುತ್ತಾನೆ.

ಪ್ರಶ್ನೆ: ಹೊರಬಿದ್ದ ಮೇಲೆ ಅವನು ವಂಶದ ಹೆಸರನ್ನೇ ಇಟ್ಟುಕೊಳ್ಳಬೇಕೋ, ಹೊಸ ಹೆಸರೋ?

ಉತ್ತರ: ಅಡಗಿರಬೇಕಾದವನಿಗೆ ಹೊಸ ಹೆಸರೇ ಬೇಕು. ಆದರೆ ಹೊಸ ಹೆಸರು ತಕ್ಷಣ ಕಿವಿಗೆ ಹತ್ತುವುದಿಲ್ಲ. ಮೊದಲ ಕೆಲವು ದಿನ ಯಾರಾದರೂ ಕರೆದರೆ ಎರಡನೇ ಸಲಕ್ಕೆ ತಿರುಗುತ್ತಾನೆ, ಅದನ್ನು ಒಬ್ಬರು ಗಮನಿಸಲಿ. ಹೆಸರನ್ನು ಅವನೇ ಆರಿಸಿಕೊಳ್ಳುವುದಕ್ಕಿಂತ ಮೊದಲು ಕೆಲಸ ಕೊಟ್ಟವರು ಇಟ್ಟರೆ ಸಹಜ. ನಿರೂಪಣೆಯಲ್ಲಿ ಮಾತ್ರ ಕೊನೆಯವರೆಗೂ ಒಂದೇ ಹೆಸರು ಬಳಸಿ. ನಡುವೆ ಬದಲಿಸಿದರೆ ಯಾರು ಯಾರೆಂದು ಓದುಗರಿಗೆ ಗೊಂದಲವಾಗುತ್ತದೆ. ಬದಲಿಸಲೇಬೇಕಿದ್ದರೆ ಅಧ್ಯಾಯದ ಆರಂಭದಲ್ಲಿ, ಒಮ್ಮೆ ಮಾತ್ರ.